ಕುಪ್ಪಳಿಯ ಕಡೆಗೋಲು

ಸಾಗರದಿಂದ ಹೊರಟು ಹೊಸನಗರ, ತೀರ್ಥಹಳ್ಳಿ ದಾಟಿ ಕೊಪ್ಪದ ದಾರಿ ಹಿಡಿದರೆ ಕುಪ್ಪಳಿ. ಅಲ್ಲಿದೆ ಕವಿಮನೆ. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ಈ ಮನೆಯಲ್ಲಿ. ಮೂರು ಅಂತಸ್ತು, ನಡುವೆ ಅಂಗಳ. ಈಗ ಇದು ವಸ್ತುಸಂಗ್ರಹಾಲಯ. ಕವಿಯ ಪುಸ್ತಕ, ಉಡುಪುಗಳ ಜೊತೆಗೆ ಹಳೆಯ ಕಾಲದ ಅಡುಗೆ, ಬೇಸಾಯದ ಸಾಮಾನುಗಳೂ ಇವೆ.

ಮಗಳು ಒಂದು ಕಡೆ ನಿಂತುಬಿಟ್ಟಳು. “ಇದೇನಜ್ಜಿ?”

“ಕಡೆಗೋಲು ಮಗಾ. ಮೊಸರಿನ ಗಡಿಗೆಗೆ ಇಳಿಸಿ, ಹಗ್ಗ ಸುತ್ತಿ, ಆಚೆ ಈಚೆ ಎಳೆದರೆ ಬೆಣ್ಣೆ ತೇಲ್ತದೆ.”

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂದು ಅವಳೇ ಮೇಷ್ಟ್ರು! ಬೇರೆ ಮಕ್ಕಳೂ ಬಂದು ಸುತ್ತ ನಿಂತರು.

“ನಮ್ಮನೇದು ಎಲ್ಲಿದೆ ಅಜ್ಜಿ?”

“ಮಿಕ್ಸಿ ಬಂದ ವರ್ಷ ಬಚ್ಚಲೊಲೆಗೆ ಹಾಕಿದೆ,” ಎಂದ ಅಮ್ಮನ ದನಿ ಇಳಿಯಿತು.

ಸಂಜೆ ಮನೆಯ ಹಿಂದಿನ ಗುಡ್ಡ ಕವಿಶೈಲ ಹತ್ತಿದೆವು. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿ ಅಲ್ಲೇ ಇದೆ. ಬಂಡೆಯ ಮೇಲೆ ಕುಳಿತು, ಹಸಿರು ಕಾಡಿನಾಚೆ ಸೂರ್ಯ ಮುಳುಗುವುದನ್ನು ನೋಡಿದೆವು. ಅಜ್ಜಿ, ಮೊಮ್ಮಗಳು ಇಬ್ಬರೂ ಮಾತಾಡಲಿಲ್ಲ.

ಊರಿಗೆ ಬಂದ ಮರುದಿನ ಮಗಳು ಅಟ್ಟ ಹತ್ತಿ, ಭತ್ತ ಅಳೆಯುವ ಕೊಳಗವೊಂದನ್ನು ಇಳಿಸಿದಳು. ದೂಳು ಒರೆಸಿ, ಅಜ್ಜಿಯನ್ನು ಕೇಳಿ, ಹೆಸರಿನ ಚೀಟಿ ಅಂಟಿಸಿದಳು. ನಮ್ಮ ಮನೆಯ ವಸ್ತುಸಂಗ್ರಹಾಲಯಕ್ಕೆ ಅದೇ ಮೊದಲ ವಸ್ತು.

ನಿಮ್ಮ ಅಟ್ಟದಲ್ಲಿ ಏನಿದೆ, ಮಕ್ಕಳೇ?