ಬಿಟ್ಟ ಬಾಣದ ಹಿಂದೆ

ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋದ ನಾಲ್ವರು ಗೆಳೆಯರ ಕಥೆಯನ್ನು ಗುರುವೊಬ್ಬನು ಬರೆಯಹೊರಟಿದ್ದಾನಲ್ಲ ಎಂದು ನಿಮಗೆ ಅಚ್ಚರಿಯಾಗಬಹುದು. ಅದೂ ಗೆದ್ದು ಬಂದವರ ಕಥೆಯಲ್ಲ. ನಾಲ್ಕು ತಿಂಗಳು ಕಾಡಿನಲ್ಲಿ ಕಾದು, ಒಂದು ಜಿಂಕೆಯನ್ನೂ ತರಲಾಗದೆ ಬರಿಗೈಯಲ್ಲಿ ಮನೆಗೆ ಮರಳಿದವರ ಕಥೆ. ಆದರೂ ಗುರುಮಠದಲ್ಲಿ ಕಲಿತ ಎಷ್ಟೋ ಪಾಠಗಳಿಗಿಂತ ಅವರ ಆ ಸೋಲು ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

2017ರಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಆ ರಾಜ್ಯದ ನೈಋತ್ಯ ಭಾಗವನ್ನು ಹಿಮಯುಗದ ನೀರ್ಗಲ್ಲುಗಳು ಸವೆಸದೆ ಬಿಟ್ಟಿದ್ದರಿಂದ ಅಲ್ಲಿ ಇಂದಿಗೂ ಗುಡ್ಡಗಳೂ ಕಣಿವೆಗಳೂ ಉಳಿದಿವೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಆ ಏರಿಳಿತವನ್ನು ಕಂಡೊಡನೆ ಊರು ನೆನಪಾಯಿತು. ಚಳಿ ಮಾತ್ರ ನಮ್ಮದಲ್ಲ. ಶುಕ್ರವಾರದ ಸಂಜೆ ಊರಿನವರೆಲ್ಲ ಒಟ್ಟಿಗೆ ಕುಳಿತು ಕರಿದ ಮೀನು ತಿನ್ನುವುದು ಅಲ್ಲಿಯ ವಾಡಿಕೆ. ಅಂಥ ಒಂದು ಊಟದ ಮೇಜಿನಲ್ಲಿ ಆ ನಾಲ್ವರ ಪರಿಚಯವಾಯಿತು. ಒಬ್ಬರು ಅರುವತ್ತು ದಾಟಿದ ಹೈನುಗಾರರು. ಇನ್ನೊಬ್ಬರು ನಿವೃತ್ತ ಶಾಲಾ ಮಾಸ್ತರರು. ಮೂರನೆಯವರು ಲಾರಿ ಚಾಲಕರು. ಕೊನೆಯವನು ಮೂವತ್ತರ ಹರೆಯದ ಬಡಗಿ. ಹೈನುಗಾರರ ಜಮೀನಿಗೆ ಅಂಟಿಕೊಂಡ ಓಕ್ ಮರಗಳ ಕಾಡಿನಲ್ಲಿ ಅವರು ವರ್ಷವರ್ಷವೂ ಒಟ್ಟಿಗೆ ಬೇಟೆಯಾಡುತ್ತಿದ್ದರು.

ಮೊದಮೊದಲು ನನಗೆ ಅದು ಸರಿಕಾಣಲಿಲ್ಲ. ನಮ್ಮ ನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಜಿಂಕೆಯನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಅದಕ್ಕೂ ಹಿಂದಿನ ಷಿಕಾರಿಯ ಕಥೆಗಳನ್ನು ಅಜ್ಜನ ಬಾಯಿಂದ ಕೇಳಿದ್ದೆನೇ ಹೊರತು, ಕಣ್ಣಾರೆ ಕಂಡವನಲ್ಲ. ನನ್ನ ಮುಖಭಾವವನ್ನು ಗಮನಿಸಿದ ಮಾಸ್ತರರು ಒಂದು ದಿನ ತಾಳ್ಮೆಯಿಂದ ವಿವರಿಸಿದರು. ಬೇಟೆಯಾಡಿ, ವಿಷವಿಟ್ಟು ತೋಳಗಳನ್ನು ಕೊಂದ ಕಾರಣ 1960ರ ಹೊತ್ತಿಗೆ ಆ ರಾಜ್ಯದಲ್ಲಿ ಅವು ಇಲ್ಲವೇ ಆಗಿದ್ದವು. ಮುಂದೆ ಅವು ಮರಳಿ ಬಂದರೂ ಹೆಚ್ಚಾಗಿ ಉತ್ತರದ ಕಾಡುಗಳಲ್ಲೇ ನೆಲೆಸಿದವು. ಬಿಳಿಬಾಲದ ಜಿಂಕೆಗಳ ಸಂಖ್ಯೆ ಮಾತ್ರ 15 ಲಕ್ಷವನ್ನು ಮೀರಿತ್ತು. ಬೆಳೆ ನಷ್ಟವಷ್ಟೇ ಅಲ್ಲ, ಜಿಂಕೆಗೆ ವಾಹನ ಡಿಕ್ಕಿ ಹೊಡೆದ ಅಪಘಾತಗಳೇ ವರ್ಷಕ್ಕೆ 15,000ಕ್ಕೂ ಹೆಚ್ಚು. ಆದ್ದರಿಂದ ಸರ್ಕಾರವೇ ಪರವಾನಗಿ ಕೊಟ್ಟು, ಯಾರು ಯಾವಾಗ ಎಷ್ಟು ಕೊಲ್ಲಬಹುದೆಂದು ನಿಗದಿಪಡಿಸುತ್ತದೆ. ಕೊಂದದ್ದನ್ನು ವ್ಯರ್ಥ ಮಾಡುವುದಿಲ್ಲ. ಆ ಮಾಂಸವೇ ಎಷ್ಟೋ ಮನೆಗಳಿಗೆ ಚಳಿಗಾಲದ ಆಹಾರ.

“ಹಾಗಾದರೆ ಕೋವಿ ಬಿಟ್ಟು ಬಿಲ್ಲೇಕೆ?” ಎಂದು ಕೇಳಿದೆ. ವಿಸ್ಕಾನ್ಸಿನ್‌ನಲ್ಲಿ 1934ರಲ್ಲೇ, ಸಾಕ್ ಮತ್ತು ಕೊಲಂಬಿಯಾ ಎಂಬ ಎರಡು ಜಿಲ್ಲೆಗಳಲ್ಲಿ, ಬಿಲ್ಲುಗಾರರಿಗೆಂದೇ ಪ್ರತ್ಯೇಕ ಜಿಂಕೆ ಬೇಟೆಯ ಅವಧಿಯನ್ನು ಗೊತ್ತುಮಾಡಿದ್ದರಂತೆ. ಮಾಸ್ತರರು ನಕ್ಕು ಹೇಳಿದರು: “ಕೋವಿಯ ಗುಂಡು ನೂರಾರು ಹೆಜ್ಜೆ ದೂರ ಹೋಗುತ್ತದೆ, ಫಾದರ್. ಬಾಣಕ್ಕಾದರೆ ಜಿಂಕೆ ಇಪ್ಪತ್ತು ಹೆಜ್ಜೆಯೊಳಗೆ ಬರಬೇಕು. ಅಷ್ಟು ಹತ್ತಿರ ಬರುವ ಜಿಂಕೆಗೆ ನಾವು ಅಲ್ಲಿ ಇದ್ದೂ ಇಲ್ಲದಂತಿರಬೇಕು.”

ನಮ್ಮ ಮಲೆನಾಡಿನಲ್ಲಿ ಹಿಂದೆ ಮರಸು ಕೂರುವುದೆಂದು ಕರೆಯುತ್ತಿದ್ದುದು ಇದನ್ನೇ. ಸೂರ್ಯ ಹುಟ್ಟುವ ಮೊದಲೇ ಹದಿನೈದು ಅಡಿ ಎತ್ತರದ ಅಟ್ಟಣೆಯನ್ನೇರಿ, ಬೀಳದಂತೆ ಸೊಂಟಕ್ಕೂ ಹೆಗಲಿಗೂ ಪಟ್ಟಿ ಬಿಗಿದುಕೊಂಡು, ಗಾಳಿ ಎತ್ತ ಬೀಸುತ್ತಿದೆಯೆಂದು ಗಮನಿಸುತ್ತ ಕೂರಬೇಕು. ಮನುಷ್ಯನ ವಾಸನೆ ಜಿಂಕೆಯ ಮೂಗಿಗೆ ಬಡಿದರೆ ಅಂದಿನ ಕಥೆ ಮುಗಿಯಿತು. ಕೆಮ್ಮುವಂತಿಲ್ಲ, ಕಾಲು ಚಾಚುವಂತಿಲ್ಲ.

ಈಗ ನಾನು ಹೇಳಹೊರಟ 2019ರ ಋತುವಿಗೆ ಬರುತ್ತೇನೆ. ಅದು ಬರಿಯ ವಿನೋದದ ಋತುವಾಗಿರಲಿಲ್ಲ. ಹಾಲಿನ ಬೆಲೆ ವರ್ಷಗಟ್ಟಲೆ ಕುಸಿದಿದ್ದ ಕಾರಣ ಆ ಒಂದೇ ವರ್ಷದಲ್ಲಿ ವಿಸ್ಕಾನ್ಸಿನ್‌ನ 800ಕ್ಕೂ ಹೆಚ್ಚು ಹೈನುಗಾರ ಕುಟುಂಬಗಳು ಹಾಲಿನ ಕಸುಬನ್ನು ಕೈಬಿಟ್ಟವು. ನಮ್ಮ ಹೈನುಗಾರರೂ ಆ ತೀರ್ಮಾನಕ್ಕೆ ಬಂದಿದ್ದರು. ಚಳಿಗಾಲ ಮುಗಿಯುವುದರೊಳಗೆ ಹಸುಗಳು ಹೋಗಲಿದ್ದವು. ಅನಂತರ ಜಮೀನೂ ಕಾಡೂ ಮಾರಾಟಕ್ಕೆ. ಆದುದರಿಂದ ಆ ಕಾಡಿನಲ್ಲಿ ಅದೇ ಅವರ ಕೊನೆಯ ಬೇಟೆ. ಯಾರಿಗೆ ಸಿಗದಿದ್ದರೂ ಹಿರಿಯರಿಗೊಂದು ಜಿಂಕೆ ಸಿಗಬೇಕೆಂದು ಉಳಿದ ಮೂವರೂ ಮನಸ್ಸಿನಲ್ಲೇ ನಿಶ್ಚಯಿಸಿದ್ದರು.

ಆದರೆ ಆ ವರ್ಷ ಮಳೆ ಬಿಡಲಿಲ್ಲ. ಆ ರಾಜ್ಯದ ದಾಖಲೆಯಲ್ಲೇ ಅತ್ಯಂತ ಹೆಚ್ಚು ಮಳೆ ಸುರಿದ ವರ್ಷವದು. ಕೆಸರಿನಿಂದಾಗಿ ಮೆಕ್ಕೆಜೋಳದ ಬಿತ್ತನೆ ತಡವಾಯಿತು. ಕೊಯ್ಲು ಇನ್ನಷ್ಟು ತಡವಾಯಿತು. ಅಕ್ಟೋಬರ್ ಕಳೆದರೂ ಹೊಲದಲ್ಲಿ ಆಳೆತ್ತರದ ಜೋಳ ನಿಂತೇ ಇತ್ತು. ಜಿಂಕೆಗಳಿಗೆ ಊಟ, ನಿದ್ರೆ, ಮರೆ ಎಲ್ಲವೂ ಅದರೊಳಗೇ ದೊರೆತಾಗ ಅವು ಕಾಡಿನಂಚಿಗೇಕೆ ಬಂದಾವು? ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಕವಲುಗೊಂಬಿನ ದೊಡ್ಡ ಗಂಡು ಜಿಂಕೆಯೊಂದರ ಚಿತ್ರ ಮತ್ತೆ ಮತ್ತೆ ಬೀಳುತ್ತಿತ್ತು, ಆದರೆ ಯಾವಾಗಲೂ ನಡುರಾತ್ರಿಯಲ್ಲಿ. ಮಾಸ್ತರರು ಕೂತ ದಿನ ಮಂಜು ಮುಸುಕುತ್ತಿತ್ತು. ಬಡಗಿ ಕೂತ ದಿನ ಗಾಳಿ ದಿಕ್ಕು ಬದಲಿಸುತ್ತಿತ್ತು. ಶುಕ್ರವಾರದ ಮೇಜಿನಲ್ಲಿ ನಗು ಕಡಿಮೆಯಾಯಿತು.

ಅಕ್ಟೋಬರಿನ ಕೊನೆಯ ವಾರದ ಒಂದು ಸಂಜೆ ಲಾರಿ ಚಾಲಕರ ಮುಂದೆ ಹೆಣ್ಣು ಜಿಂಕೆಯೊಂದು ಬಂದಿತು. ಇಪ್ಪತ್ತೈದು ಹೆಜ್ಜೆ ದೂರ. ಅಷ್ಟು ವಾರ ಕಾದವರ ಬೆರಳು ಅವಸರಪಟ್ಟಿತು. ಹೆದೆಯ ಸದ್ದಿಗೆ ಬೆದರಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು. ಎದೆಗೆ ನಾಟಬೇಕಾದ ಬಾಣ ಹೊಟ್ಟೆಗೆ ನಾಟಿತು. ಅಂಥ ಗಾಯವಾದ ಜಿಂಕೆಯನ್ನು ಕೂಡಲೇ ಬೆನ್ನಟ್ಟಬಾರದು. ಕೆಲವು ಗಂಟೆ ಬಿಟ್ಟರೆ ಅದು ಹತ್ತಿರದಲ್ಲೇ ಎಲ್ಲಾದರೂ ಮಲಗುತ್ತದೆ. ಬೆನ್ನಟ್ಟಿದರೆ ಮೈಲಿಗಟ್ಟಲೆ ಓಡುತ್ತದೆ. ಆದರೆ ಮಳೆಯ ಮೋಡ ಕವಿಯುತ್ತಿತ್ತು. ಮಳೆ ಬಂದರೆ ಎಲೆಗಳ ಮೇಲಿನ ರಕ್ತದ ಗುರುತು ತೊಳೆದುಹೋಗುತ್ತದೆ. ಕಾಯುವುದೋ ಹುಡುಕುವುದೋ? ನಾಲ್ವರೂ ಬ್ಯಾಟರಿ ಹಿಡಿದು ಹೊರಟರು. ಹನಿ ಹನಿ ರಕ್ತದ ಜಾಡು ಜೋಳದ ಹೊಲದ ಅಂಚಿನವರೆಗೆ ಸಾಗಿತು. ಅಲ್ಲಿಗೆ ಮಳೆ ಹಿಡಿಯಿತು.

ಮರುದಿನ ಚಾಲಕರು ಕೆಲಸಕ್ಕೆ ರಜೆ ಹಾಕಿದರು. ಜೋಳದ ಸಾಲು ಸಾಲಾಗಿ ನಡೆದು ಹುಡುಕಿದರು. ಮೂರನೆಯ ದಿನವೂ ಹುಡುಕಿದರು. ಸಿಗಲಿಲ್ಲ. “ಎಲ್ಲ ಬೇಟೆಗಾರರಿಗೂ ಒಮ್ಮೆ ಆಗುವಂಥದ್ದೇ, ಗಾಯ ತಾನಾಗಿ ಮಾಯಬಹುದು, ಬಿಡು” ಎಂದನಂತೆ ಬಡಗಿ. ಚಾಲಕರಿಗೆ ಸಿಟ್ಟು ಬಂದು ಮಾತಿಗೆ ಮಾತು ಬೆಳೆಯಿತು. “ಈ ವರ್ಷದ ನನ್ನ ಜಿಂಕೆ ಅದೇ. ಇನ್ನೊಂದರ ಮೇಲೆ ನನಗೆ ಹಕ್ಕಿಲ್ಲ” ಎಂದು ಅವರು ಬಿಲ್ಲನ್ನು ಗೋಡೆಗೆ ತೂಗುಹಾಕಿದರು. ಕಾನೂನು ಅವರಿಂದ ಅದನ್ನು ಕೇಳಿರಲಿಲ್ಲ. ಮುಂದಿನ ಶುಕ್ರವಾರ ಅವರಿಬ್ಬರೂ ಮೇಜಿನ ಎರಡು ತುದಿಗಳಲ್ಲಿ ಕುಳಿತಿದ್ದರು.

ನವೆಂಬರ್ 3 ಬೇಟೆಗಾರರ ಪಾಲಕರಾದ ಸಂತ ಹ್ಯೂಬರ್ಟರ ಹಬ್ಬ. 727ರಲ್ಲಿ ತೀರಿಕೊಂಡ ಆ ಧರ್ಮಾಧ್ಯಕ್ಷರು ಯೌವನದಲ್ಲಿ ಬೇಟೆಯ ಹುಚ್ಚು ಹಿಡಿದವರಾಗಿದ್ದರೆಂದೂ, ಶುಭಶುಕ್ರವಾರದಂದು ಅಟ್ಟಿಸಿಕೊಂಡು ಹೋದ ಜಿಂಕೆಯ ಕೊಂಬುಗಳ ನಡುವೆ ಶಿಲುಬೆಯನ್ನು ಕಂಡು ನಿಂತುಬಿಟ್ಟರೆಂದೂ ಐತಿಹ್ಯವಿದೆ. ಆ ವರ್ಷ ಹಬ್ಬ ಭಾನುವಾರವೇ ಬಂದಿತ್ತು. ಬಲಿಪೂಜೆಯ ನಂತರ ಹೈನುಗಾರರು ಬಂದು, “ನಮ್ಮನ್ನು ಆಶೀರ್ವದಿಸಿ ಫಾದರ್, ಜಿಂಕೆಗಾಗಿ ಅಲ್ಲ, ಈ ಇಬ್ಬರಿಗಾಗಿ” ಎಂದರು. ಆಶೀರ್ವದಿಸಿದೆ. ಇಬ್ಬರೂ ತಲೆಬಾಗಿ ನಿಂತರು, ಒಬ್ಬರನ್ನೊಬ್ಬರು ನೋಡಲಿಲ್ಲ.

ನವೆಂಬರಿನ ಮೊದಲ ಎರಡು ವಾರ ಗಂಡು ಜಿಂಕೆಗಳಿಗೆ ಬೆದೆಯ ಕಾಲ. ಆಗ ಅವು ಎಚ್ಚರ ಮರೆತು ಹಗಲಿನಲ್ಲೂ ಅಲೆಯುತ್ತವೆ. ಒಂದು ಸಂಜೆ, ಬೆಳಕು ಇನ್ನೇನು ಆರಬೇಕು ಎನ್ನುವಾಗ, ಕ್ಯಾಮೆರಾದಲ್ಲಿ ಮಾತ್ರ ಕಂಡಿದ್ದ ಆ ದೊಡ್ಡ ಗಂಡು ಜಿಂಕೆ ಹೈನುಗಾರರ ಅಟ್ಟಣೆಯ ಮುಂದೆ ಬಂದು ನಿಂತಿತು. ಹದಿನೆಂಟು ಹೆಜ್ಜೆ. ಅವರು ಹೆದೆಯನ್ನು ಪೂರ್ತಿ ಎಳೆದರು. ಆದರೆ ಜಿಂಕೆ ಅವರಿಗೆ ಎದುರುಮುಖವಾಗಿ ನಿಂತಿತ್ತು. ಎದೆಯ ಮುಂದೆ ಎಳೆಯ ಟೊಂಗೆಯೊಂದು ಅಡ್ಡವಾಗಿತ್ತು. ಅದು ಪಕ್ಕಕ್ಕೆ ತಿರುಗಲೆಂದು ಕಾದರು. ಒಂದು ನಿಮಿಷ ಕಳೆಯಿತು. ತೋಳು ನಡುಗತೊಡಗಿತು. ಅದು ತಿರುಗಲಿಲ್ಲ. ಅವರು ನಿಧಾನವಾಗಿ ಹೆದೆಯನ್ನು ಸಡಿಲಿಸಿದರು. ಆ ಸಣ್ಣ ಚಲನೆಯನ್ನು ಕಂಡ ಜಿಂಕೆ ಬಾಲವೆತ್ತಿ ಜಿಗಿದು ಮರೆಯಾಯಿತು.

ಶುಕ್ರವಾರ ಇದನ್ನು ಕೇಳಿದ ಬಡಗಿಗೆ ತಡೆಯಲಾಗಲಿಲ್ಲ. “ಇದು ನಿಮ್ಮ ಕೊನೆಯ ಅವಕಾಶವಾಗಿತ್ತು! ಟೊಂಗೆ ತಪ್ಪಿಸಿ ನಾಟಬಹುದಾಗಿತ್ತಲ್ಲ?” ಎಂದ. ಹಿರಿಯರು ತಟ್ಟೆಯಿಂದ ತಲೆಯೆತ್ತದೆ, “ನಾಟಬಹುದಾಗಿತ್ತು. ನಾಟದೆಯೂ ಇರಬಹುದಾಗಿತ್ತು. ಇವನು ಮೂರು ದಿನ ಜೋಳದಲ್ಲಿ ನಡೆದದ್ದನ್ನು ನಾನು ನೋಡಿದ್ದೇನೆ” ಎಂದಷ್ಟೇ ಹೇಳಿದರು. ಮೇಜು ಮೌನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಬಡಗಿ ಎದ್ದು, ತನ್ನ ತಟ್ಟೆಯನ್ನು ತೆಗೆದುಕೊಂಡು ಹೋಗಿ ಚಾಲಕರ ಪಕ್ಕದಲ್ಲಿ ಕುಳಿತ. ಕ್ಷಮೆಯ ಮಾತೇನೂ ನನಗೆ ಕೇಳಿಸಲಿಲ್ಲ. ಇಬ್ಬರೂ ಊಟ ಮಾಡಿದರು.

ಜನವರಿಯ ಮೊದಲ ವಾರ ಋತು ಮುಗಿಯಿತು. ಒಂದು ಜಿಂಕೆಯೂ ಸಿಗಲಿಲ್ಲ. ಹೈನುಗಾರರ ಮನೆಯಲ್ಲಿ, ಹಿಂದಿನ ವರ್ಷದ ಮಾಂಸದ ಕೊನೆಯ ಪೊಟ್ಟಣವನ್ನು ಬೇಯಿಸಿ ಎಲ್ಲರೂ ಹಂಚಿ ತಿಂದೆವು. ಫೆಬ್ರುವರಿಯಲ್ಲಿ ಹಸುಗಳನ್ನು ಒಯ್ಯಲು ವಾಹನಗಳು ಬಂದಾಗ ಮೂವರು ಗೆಳೆಯರೂ ಕೊಟ್ಟಿಗೆಯ ಬಾಗಿಲಲ್ಲಿ ಆ ಹಿರಿಯರ ಪಕ್ಕ ನಿಂತಿದ್ದರು.

ಓದುಗರೇ, ಈಗ ನನ್ನ ಮಾತು. ಆ ಮೂರು ದಿನ ಒಬ್ಬ ಮನುಷ್ಯ ಒಂದು ಮೂಕಪ್ರಾಣಿಗಾಗಿ ಮಳೆಯಲ್ಲಿ ಅಲೆಯುವುದನ್ನು ಕಂಡಾಗ ನನ್ನೊಳಗೆ ಹಳೆಯದೊಂದು ನೆನಪು ಚುಚ್ಚಿತು. ಹಲವು ವರ್ಷಗಳ ಹಿಂದೆ, ನಮ್ಮ ನಾಡಿನ ಧರ್ಮಕೇಂದ್ರವೊಂದರಲ್ಲಿ ನಾನು ವಿಚಾರಣಾ ಗುರುವಾಗಿದ್ದಾಗ, ತಂದೆಯ ಶವಸಂಸ್ಕಾರದ ಏರ್ಪಾಡಿಗಾಗಿ ಒಬ್ಬ ಯುವಕ ಬಂದಿದ್ದ. ಅವನು ದೇವಾಲಯಕ್ಕೆ ಬರುತ್ತಿದ್ದುದು ಅಪರೂಪ. ಅದನ್ನೇ ಎತ್ತಿಕೊಂಡು, ನೆರೆದವರೆಲ್ಲರ ಮುಂದೆ ನಾನೊಂದು ಕಟುಮಾತನ್ನಾಡಿದೆ. ಅಂತ್ಯಕ್ರಿಯೆ ನಡೆಯಿತು. ಅವನು ಮತ್ತೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನನಗೆ ತಿಳಿಯದ್ದೇನಲ್ಲ. ಆದರೂ, ಕಾಲ ಕಳೆದಂತೆ ಗಾಯ ತಾನಾಗಿ ಮಾಯುತ್ತದೆ ಎಂದು ಸಮಾಧಾನಪಟ್ಟುಕೊಂಡು ಇನ್ನೊಂದು ಧರ್ಮಕೇಂದ್ರಕ್ಕೆ ವರ್ಗವಾಗಿ ಹೋಗಿದ್ದೆ. ಆ ಬಡಗಿ ಅಂದದ್ದೂ ಅದನ್ನೇ ಅಲ್ಲವೇ?

2020ರ ಕೊನೆಯಲ್ಲಿ ಊರಿಗೆ ಮರಳಿದ ನಾನು, ಕೊರೋನಾದ ನಿರ್ಬಂಧಗಳು ಸಡಿಲವಾದ ಮೇಲೆ ಅವನನ್ನು ಹುಡುಕಿಕೊಂಡು ಹೊರಟೆ. ಹಳೆಯ ಮನೆಯಲ್ಲಿ ಬೇರೆಯವರಿದ್ದರು. ನೆರೆಯವರು ಹೇಳಿದ ಊರಿನಲ್ಲೂ ಅವನಿರಲಿಲ್ಲ. ಮೂರನೆಯ ಪ್ರಯತ್ನದಲ್ಲಿ ಸಿಕ್ಕಿದ. ತಲೆ ನರೆಯತೊಡಗಿತ್ತು. “ಅಂದು ನಾನು ಆಡಿದ ಮಾತು ತಪ್ಪು. ಅದನ್ನು ಹೇಳಲೆಂದೇ ಬಂದೆ” ಎಂದೆ. ಅವನು ತುಂಬ ಹೊತ್ತು ಸುಮ್ಮನಿದ್ದು, “ಅಮ್ಮ ಸಾಯುವವರೆಗೂ ಅದನ್ನು ನೆನೆಸಿಕೊಳ್ಳುತ್ತಿದ್ದರು, ಫಾದರ್” ಎಂದ. ಅವನ ಹೆಂಡತಿ ಕಾಫಿ ತಂದಿತ್ತರು. ಕುಡಿದು ಎದ್ದೆ. ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ಕೇಳುವ ಹಕ್ಕು ನನಗೂ ಇರಲಿಲ್ಲ. ಬಸ್ ನಿಲ್ದಾಣದವರೆಗೂ ನನ್ನ ಜೊತೆ ನಡೆದು ಬಂದ.

ನಿಮ್ಮ ಮನೆಗಳಲ್ಲಿಯೂ ಇಂಥ ಸಂಜೆಗಳು ಬರುತ್ತವೆ. ಮಗನ ಅಂಕಪಟ್ಟಿ ಕೈಯಲ್ಲಿರುತ್ತದೆ. ಸೊಸೆಯ ತಪ್ಪು ಕಣ್ಣೆದುರಿಗಿರುತ್ತದೆ. ಅಣ್ಣತಮ್ಮಂದಿರ ನಡುವೆ ಆಸ್ತಿಯ ಮಾತು ಎದ್ದಿರುತ್ತದೆ. ಹೆದೆ ಎಳೆದಾಗಿರುತ್ತದೆ, ಗುರಿಯೂ ಹತ್ತಿರವೇ ಇರುತ್ತದೆ. ಆಗ ಅದನ್ನು ಮೆಲ್ಲನೆ ಸಡಿಲಿಸಿದ ಆ ಹಿರಿಯರ ನಡುಗುವ ತೋಳು ನಿಮಗೆ ನೆನಪಾಗಲಿ. ಬಾಣ ಈಗಾಗಲೇ ಬಿಟ್ಟುಹೋಗಿದ್ದರೆ, ಎಷ್ಟು ವರ್ಷಗಳೇ ಕಳೆದಿರಲಿ, ಅದರ ಜಾಡು ಹಿಡಿದು ಹೊರಡಿ. ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಆದರೆ ಹುಡುಕದೆ ಮನೆಗೆ ಹೋಗಬೇಡಿ.