ಗೆಜ್ಜಲಗೆರೆಯಲ್ಲಿ ಕೇಳಿದ ಶುಭಸಂದೇಶ

ಗೆಜ್ಜಲಗೆರೆ ಅಂದ ತಕ್ಷಣ ಮಂಡ್ಯ ಸೀಮೆಯವರಿಗೆ ನೆನಪಾಗುವುದು ಹಾಲು. ಮದ್ದೂರು ದಾಟಿ ಮಂಡ್ಯದ ಕಡೆ ಸ್ವಲ್ಪ ದೂರ ಹೋದರೆ ಜಿಲ್ಲಾ ಹಾಲು ಒಕ್ಕೂಟದ, ಎಲ್ಲರ ಬಾಯಲ್ಲಿ ಮನ್‌ಮುಲ್‌ನ, ದೊಡ್ಡ ಡೈರಿ. ಹಳ್ಳಿಹಳ್ಳಿಯ ಸಂಘಗಳಲ್ಲಿ ಬೆಳಗ್ಗೆ ಸಂಜೆ ಅಳೆದುಕೊಟ್ಟ ಹಾಲು ಕೊನೆಗೆ ಬಂದು ಸೇರುವುದು ಇಲ್ಲಿಗೆ. ಇಂಥ ಊರಿನ ಮಗ್ಗುಲಲ್ಲಿ ಇದ್ದುಕೊಂಡು, ಭಾನುವಾರ ಮಂಡ್ಯಕ್ಕೆ ಬಲಿಪೂಜೆಗೆ ಹೋಗಿಬರುವ ನನಗೆ, ವಾಚನದಲ್ಲಿ ಹಾಲಿನ ಮಾತು ಬಂದರೆ ಕಿವಿ ನಿಮಿರುತ್ತದೆ. ಬರುವುದೂ ಉಂಟು. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಭಕ್ತರನ್ನು ಹಾಲಿಗೆ ಹಂಬಲಿಸುವ ಹಸುಗೂಸುಗಳಾಗಿ ಎಂದು ಹುರಿದುಂಬಿಸುತ್ತಾರೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಅದನ್ನೇ ಗದರಿಕೆ ಮಾಡುತ್ತಾರೆ: ಇಷ್ಟು ದಿನ ಕಳೆದರೂ ನಿಮಗಿನ್ನೂ ಹಾಲನ್ನೇ ಕುಡಿಸಬೇಕೇ, ಗಟ್ಟಿ ಊಟ ಯಾವಾಗ ಎಂದು. ಇಬ್ಬರೂ ಹೇಳಿದ್ದು ಬೆಳವಣಿಗೆಯ ವಿಷಯ. ದೇವರನ್ನು ಅರಿಯುವುದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಎಂಬುದರಲ್ಲಿ ಆ ಇಬ್ಬರಿಗೂ ಸಂಶಯವಿರಲಿಲ್ಲ.

ಚಿಕ್ಕಂದಿನಲ್ಲಿ ನಮಗೆ ಜ್ಞಾನೋಪದೇಶದ ತರಗತಿ ಇತ್ತು. ದೇವರು ಯಾರು, ನಮ್ಮನ್ನು ಏಕೆ ಸೃಷ್ಟಿಸಿದರು, ಹೀಗೆ ಪ್ರಶ್ನೆಗಳು. ಎದುರಿಗೆ ಬಾಯಿಪಾಠದ ಉತ್ತರಗಳು. ಸಿಸ್ಟರ್ ಕೇಳುತ್ತಿದ್ದರು, ನಾವು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು. ಅದನ್ನು ಈಗ ಹಗುರವಾಗಿ ಕಾಣುವವರಿದ್ದಾರೆ. ನಾನು ಕಾಣುವುದಿಲ್ಲ. ಆ ಹಾಲು ಕುಡಿದೇ ನಾವು ಬೆಳೆದದ್ದು. ಆದರೆ ಬದುಕು ಪ್ರಶ್ನೆಗಳನ್ನು ಪುಸ್ತಕದ ವರಸೆಯಲ್ಲಿ ಕೇಳುವುದಿಲ್ಲ. ಮೊದಲ ಪಾಠ ಬಿಟ್ಟು ನಡುವಿನಿಂದ ಶುರುಮಾಡುತ್ತದೆ, ಕೊನೆಯ ಪ್ರಶ್ನೆಯನ್ನು ಒಂದು ಮಧ್ಯರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಕೇಳುತ್ತದೆ. ಆಗ ನೆರವಿಗೆ ಬಂದದ್ದು ಯೇಸುಸ್ವಾಮಿಯ ಸಾಮತಿಗಳು, ಅಂದರೆ ಅವರು ಹೇಳಿದ ದೃಷ್ಟಾಂತದ ಕತೆಗಳು. ಬಿತ್ತನೆ, ಕಳೆ, ಹುಳಿಹಿಟ್ಟು, ಕಳೆದುಹೋದ ಕುರಿ, ಕೂಲಿಯಾಳು, ದಾರಿಹೋಕ: ಎಲ್ಲ ಹೊಲಮನೆಯ ಸಂಗತಿ. ಹೇಳಿಸಿಕೊಂಡವರೂ ಗಲಿಲೇಯದ ಬೇಸಾಯಗಾರರು, ಬೆಸ್ತರು. ಅವನ್ನು ನನಗೆ ಬಿಡಿಸಿ ತೋರಿಸಿದವರಲ್ಲಿ ಹೆಚ್ಚಿನವರು ಬೈಬಲ್ಲನ್ನು ಒಮ್ಮೆಯೂ ತೆರೆಯದ ಈ ಸೀಮೆಯ ರೈತರು. ಇದು ನನ್ನ ನಂಬಿಕೆ, ಅನುಭವ ಎರಡೂ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನೇ ನೋಡಿ. ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ. ತೋಟದ ಯಜಮಾನ ಬೆಳಗಿನ ಜಾವ ಹೋಗಿ ಆಳು ಕರೆತರುತ್ತಾನೆ. ಆಮೇಲೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಹೊತ್ತು ಇಳಿಯುವ ಐದಕ್ಕೆ ಮತ್ತೆ ಮತ್ತೆ ಹೋಗಿ ಕರೆತರುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಹರೆಯದಲ್ಲಿ ನಾನೂ ಗೊಣಗುವವರ ಪಕ್ಷ. ಗುರುಗಳು ಪ್ರಬೋಧನೆಯಲ್ಲಿ ಕೃಪೆ, ವರ ಎಂದೆಲ್ಲ ವಿವರಿಸಿದರೂ ಲೆಕ್ಕ ಮನಸ್ಸಿಗೆ ಹತ್ತಿರಲಿಲ್ಲ.

ಹತ್ತಿಸಿದವರು ಪಕ್ಕದ ಮನೆಯ ಅವ್ವ. ವರ್ಷಗಟ್ಟಲೆ ನಾಟಿ, ಕಳೆ, ಕುಯ್ಲು ಅಂತ ಕೂಲಿಗೆ ಹೋದ ಕೈ ಅವರದು. ಒಂದು ಸಂಜೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಈ ಕತೆ ಹೇಳಿ, ‘ಯಜಮಾನ ಮಾಡಿದ್ದು ಸರೀನಾ ಅವ್ವ?’ ಅಂತ ಕೇಳಿದೆ. ಕೈ ನಿಲ್ಲಿಸದೆ ಹೇಳಿದರು: ‘ಬೆಳಿಗ್ಗೇನೆ ಕರೆಸ್ಕೊಂಡೋನ್ಗೆ ಇವತ್ತು ಹಿಟ್ಟಿಗೆ ದಾರಿ ಆಯ್ತು ಅನ್ನೋ ಧೈರ್ಯ ಇತ್ತು. ಸಂದೆ ಗಂಟ ಯಾರೂ ಕರೀದೆ ನಿಂತಿದ್ನಲ್ಲ, ಮನೇಗ್ ಏನಂತ ಹೋಗ್ಲಿ ಅಂತ ಒಳ್ಗೇ ಬೇಯ್ತಿದ್ದ. ಬಿಸ್ಲಲ್ಲಿ ಬೇಯೋದೊಂದೇ ಬೇಯೋದಾ? ಅದೂ ಕೂಲಿನೇ ಕಣಪ್ಪ.’ ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದರು. ಕೆಲಸವಿಲ್ಲದೆ ನಿಂತವನ ಸಂಕಟವನ್ನೂ ಯಜಮಾನ ಕೂಲಿಯ ಲೆಕ್ಕಕ್ಕೆ ಹಿಡಿದ ಎಂಬ ಈ ಮಾತು ನಾನು ಯಾವ ವ್ಯಾಖ್ಯಾನದಲ್ಲೂ ಓದಿರಲಿಲ್ಲ.

ನಾಲೆಯವರನ್ನು ಕೇಳಿದರೆ ಇದೇ ಸಾಮತಿಗೆ ಇನ್ನೊಂದು ಮಗ್ಗುಲು ಸಿಗುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಮಂಡ್ಯ ಜಿಲ್ಲೆಯ ಹಣೆಬರಹ ಬದಲಿಸಿತು. ಆದರೆ ಮದ್ದೂರು, ಮಳವಳ್ಳಿಗಳು ಅದರ ಕೊನೆ ಭಾಗ. ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬಿ ಹರಿಯುತ್ತಿದ್ದರೂ ಕೊನೆಯ ತೂಬಿನ ರೈತ ರಾತ್ರಿಯೆಲ್ಲ ಟಾರ್ಚು ಹಿಡಿದು ನೀರಿನ ದಾರಿ ಕಾಯುತ್ತಾನೆ. ಅಂಥವರೊಬ್ಬರು ಹೇಳಿದ್ದು: ‘ಕೊನೆ ಭಾಗ ಅಂತ ನಮಗೇನು ಗೊಬ್ಬರ ಅರ್ಧ ರೇಟಿಗೆ ಕೊಟ್ರಾ? ಕಬ್ಬು ಮೇಲ್ಗಡೇದೂ ಒಣಗ್ತದೆ, ಕೆಳಗಡೇದೂ ಒಣಗ್ತದೆ.’ ಕೊನೆಯವರು ಮೊದಲಿನವರಾಗುತ್ತಾರೆ ಎಂಬ ಅರ್ಥದ ಮಾತಿನಿಂದ ಆ ಸಾಮತಿ ಮುಗಿಯುತ್ತದೆ. ನಾಲೆಯ ತಲೆಯಲ್ಲಿ ಕೂತವನಿಗೆ ಅದು ಬೆದರಿಕೆ. ಬಾಲದಲ್ಲಿ ಕೂತವನಿಗೆ ಅದು ನೀರು. ಒಂದೇ ವಾಕ್ಯ ಹೀಗೆ ಎರಡಾಗುವುದು ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರಿಂದ. ದೇವರ ತಿಳಿವಳಿಕೆ ಬೆಳೆಯಬೇಕಾದರೆ ಆಗಾಗ ನಿಂತ ಜಾಗ ಬಿಟ್ಟು ಕೊನೆಯ ತೂಬಿನ ತನಕ ನಡೆದು ಬರಬೇಕು. ಹಾಗೆ ನಡೆಯುವ ಅಭ್ಯಾಸ ನಮ್ಮಲ್ಲಿ ಕಡಿಮೆಯಾಗಿದೆ ಎಂಬ ಕೊರಗು ನನ್ನದು.

ನೀರಿನ ಮಾತು ಬಂದದ್ದರಿಂದ ಪೌಲರ ಇನ್ನೊಂದು ಮಾತು ನೆನಪಾಯಿತು. ನೆಟ್ಟವನು ತಾನು, ನೀರು ಹಾಯಿಸಿದವನು ಅಪೊಲ್ಲೋಸ, ಬೆಳೆಸಿದ್ದು ಮಾತ್ರ ದೇವರು ಎಂದು ಅದೇ ಕೊರಿಂಥದ ಪತ್ರದಲ್ಲಿ ಬರೆದರು. ನಮ್ಮ ಜಿಲ್ಲೆಯಲ್ಲೂ ಹೀಗೆ ನೆಟ್ಟವರಿದ್ದಾರೆ. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಬೋಧಿಸಿದರು. ಅವರ ಕತೆ ಇನ್ನೊಮ್ಮೆ. ನಾನು ಇಲ್ಲಿ ಹೇಳಬೇಕೆಂದಿರುವುದು ಆಮೇಲೆ ಬಂದ ಅಬ್ಬೆ ದುಬಾಯ್ ಅವರ ವಿಷಯ.

ಈ ಫ್ರೆಂಚ್ ಗುರು ಭಾರತಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದ ಕಡೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದರು. ಗಂಜಾಂನಲ್ಲಿ ಅವರ ಹೆಸರು ಹೊತ್ತ ದೇವಾಲಯ ಈಗಲೂ ಇದೆ, ಗೆಜ್ಜಲಗೆರೆಯಿಂದ 40 ಕಿ.ಮೀ. ಆಸುಪಾಸು. ಈ ನೆಲದ ಉಡುಗೆ ಉಟ್ಟು, ಈ ನೆಲದ ಊಟ ಉಂಡ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬು ಊರಿಗೆ ಊರನ್ನೇ ಬಳಿದುಕೊಂಡು ಹೋಗುತ್ತಿದ್ದ ಕಾಲ ಅದು. ಜೆನ್ನರ್ ತನ್ನ ಲಸಿಕೆಯ ವಿಷಯ ಲೋಕಕ್ಕೆ ತಿಳಿಸಿದ್ದು 1798ರಲ್ಲಿ. ಅದಾಗಿ ಐದಾರು ವರ್ಷಕ್ಕೆ, 1803-04ರ ಸುಮಾರಿಗೆ, ಈ ಗುರು ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಸುಮ್ಮನೆ ಒಂದು ಕ್ಷಣ ಯೋಚಿಸಿ. ಪರದೇಶದವನೊಬ್ಬ, ಕೇಳರಿಯದ ಮದ್ದು, ಕೂಸಿನ ತೋಳಿಗೆ ಸೂಜಿ. ಆ ತಾಯಿ ಕೂಸನ್ನು ಮುಂದೆ ಹಿಡಿಯಬೇಕಾದರೆ ಎಷ್ಟು ಬಾಗಿಲುಗಳ ಮುಂದೆ ಎಷ್ಟು ಹೊತ್ತು ಮಾತಾಡಿರಬೇಕು!

ಇಂಥವರು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ದೇಶದವರನ್ನು ಕ್ರೈಸ್ತರನ್ನಾಗಿಸುವ ಪ್ರಯತ್ನ ಫಲ ಕೊಡುವುದಿಲ್ಲ, ಬೈಬಲ್ಲನ್ನು ಇಲ್ಲಿನ ಭಾಷೆಗಳಿಗೆ ತಂದೂ ಪ್ರಯೋಜನವಿಲ್ಲ ಎಂಬ ನಿರಾಶೆ ತೋಡಿಕೊಂಡರು. ಅತ್ತ ಬಳ್ಳಾರಿಯಲ್ಲಿ ಅದೇ ಕಾಲಕ್ಕೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿಗೆ ಮೈಯೊಡ್ಡಿ ದುಡಿಯುತ್ತಿದ್ದರು. ಅದು ಮುಗಿಯಿತು, ಜನರ ಕೈಗೂ ಬಂತು. ದುಬಾಯ್ ಅವರ ನಿರಾಶೆಯನ್ನು ನಾನು ಗೌರವದಿಂದಲೇ ಓದುತ್ತೇನೆ, ಆದರೆ ಒಪ್ಪುವುದಿಲ್ಲ. ಅವರು ಮತಕ್ಕೆ ಬಂದವರ ತಲೆ ಎಣಿಸಿದರು. ಸಿಡುಬಿನಿಂದ ಉಳಿದ ಕೂಸುಗಳನ್ನೂ ಎಣಿಸಬೇಕಿತ್ತು. ಅವರ ದೇವರು ಎಂಥವರು ಎಂಬುದು ಆ ಪತ್ರಗಳಿಗಿಂತ ಚೊಕ್ಕವಾಗಿ ಬರೆದಿರುವುದು ಆ ತೋಳುಗಳ ಮೇಲೆ.

ಭಕ್ತಿಯನ್ನು ಅಳೆಯುವುದಾದರೂ ಹೇಗೆ? ಮತ್ತೆ ಡೈರಿಗೇ ಬರುತ್ತೇನೆ. ಹಳ್ಳಿಯ ಸಂಘದಲ್ಲಿ ಬೆಳಗ್ಗೆ ಹಾಲು ತಂದವರ ಸಾಲು ನೋಡಿದ್ದೀರಲ್ಲ. ಹಿಂದೆ ಡಿಗ್ರಿ ನೋಡಲು ಲ್ಯಾಕ್ಟೋಮೀಟರ್ ಇಳಿಬಿಡುತ್ತಿದ್ದರು. ನೀರು ಬೆರೆತಿದ್ದರೆ ಗಾಜಿನ ಕಡ್ಡಿ ಹೆಚ್ಚು ಮುಳುಗಿ ಡಿಗ್ರಿ ಕಡಿಮೆ ತೋರಿಸುತ್ತದೆ. ಆದರೆ ಕೆನೆ ಹಾಲಿಗಿಂತ ಹಗುರ. ಕೆನೆ ತೆಗೆದ ಹಾಲು ಸಾಂದ್ರವಾಗಿ ಕಡ್ಡಿಯನ್ನು ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಕೆನೆ ತೆಗೆದು, ಅಳತೆಯಾಗಿ ನೀರು ಸೇರಿಸಿದರೆ ಕಡ್ಡಿ ಸರಿಯಾದ ಗೆರೆಯಲ್ಲೇ ನಿಲ್ಲುತ್ತದೆ! ಎರಡು ಕೇಡು ಸೇರಿ ಒಂದು ಒಳ್ಳೆಯದಾಗಿ ಕಾಣುತ್ತದೆ. ಅದಕ್ಕೇ ಫ್ಯಾಟ್ ಬೇರೆ ನೋಡುವುದು. ಈಗ ಮೆಷೀನು ಅರೆ ಗಳಿಗೆಯಲ್ಲಿ ಫ್ಯಾಟು, ಎಸ್‌ಎನ್‌ಎಫ್ಫು (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎರಡನ್ನೂ ಹೇಳಿಬಿಡುತ್ತದೆ. ಹೊಂದಿಸಿ ನೋಡಿದರೆ ಹಾಲಿನ ನಿಜ ಹೊರಗೆ ಬೀಳುತ್ತದೆ.

ನಮ್ಮ ಭಕ್ತಿಗೂ ಇಂಥ ಎರಡು ಅಳತೆ ಬೇಕು, ಹೊಸ ಒಡಂಬಡಿಕೆಯಲ್ಲಿ ಎರಡೂ ಇವೆ. ಯಕೋಬನ ಪತ್ರ, ಕೆಲಸಕ್ಕಿಳಿಯದ ವಿಶ್ವಾಸ ಸತ್ತದ್ದು ಎನ್ನುತ್ತದೆ. ಜಪಸರ ಹಿಡಿದ ಕೈ ನೆರೆಯವನ ಹಸಿವಿಗೆ ಚಾಚದಿದ್ದರೆ ಆ ಜಪ ಅಳತೆಗೆ ನಿಲ್ಲುವುದಿಲ್ಲ. ಪೌಲರು, ಇದ್ದಬದ್ದದ್ದೆಲ್ಲ ದಾನ ಮಾಡಿದರೂ ಪ್ರೀತಿ ಇಲ್ಲದಿದ್ದರೆ ದಂಡ ಎನ್ನುತ್ತಾರೆ. ಫೋಟೋಗೆ ನಿಂತು ಕೊಟ್ಟ ಕಂಬಳಿಯ ಲೆಕ್ಕ ಅಲ್ಲಿ ಬಯಲಾಗುತ್ತದೆ. ಬರೀ ಒಂದರಿಂದ ಅಳೆದುಕೊಂಡು ಸಮಾಧಾನಪಡುವುದು ಸುಲಭ. ರಾತ್ರಿ ಮಲಗುವ ಮುಂಚೆ ಎರಡನ್ನೂ ಕೇಳಿಕೊಳ್ಳಬೇಕೆಂದು ನನ್ನ ಮಟ್ಟಿಗೆ ಇಟ್ಟುಕೊಂಡ ನಿಯಮ.

ಇಷ್ಟೆಲ್ಲ ದೇವರ ಮಾತಾಡುವಾಗ, ದೇವರನ್ನು ಒಪ್ಪದ ಒಬ್ಬ ಹಿರಿಯರನ್ನು ನೆನೆಯದಿದ್ದರೆ ಮಂಡ್ಯದವರಿಗೆ ಅಪಚಾರ. ಎ.ಎನ್. ಮೂರ್ತಿರಾವ್ ಹುಟ್ಟಿದ್ದು 1900ರಲ್ಲಿ, ಇದೇ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ. ಹರಟೆಗೆ ಕನ್ನಡದಲ್ಲಿ ಒಂದು ಮರ್ಯಾದೆಯ ಮಣೆ ಹಾಕಿಕೊಟ್ಟವರು. ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ಪುಸ್ತಕ ಕೊಟ್ಟರು. ಲೋಕದಲ್ಲಿ ಇಷ್ಟು ಸಂಕಟ ಇರುವಾಗ ಕರುಣಾಳುವೂ ಸರ್ವಶಕ್ತನೂ ಆದ ದೇವರನ್ನು ಹೇಗೆ ಒಪ್ಪಲಿ ಎಂದು ವಿಚಾರದ ಒರೆಗೆ ಹಚ್ಚಿದರು. ಯಾರನ್ನೂ ನೋಯಿಸುವ ಚಪಲವಿಲ್ಲದ ಬರವಣಿಗೆ. ವಿಶ್ವಾಸಿಗಳು ಇದನ್ನು ಓದಬೇಕು. ನನ್ನ ಪ್ರಾರ್ಥನೆಯಲ್ಲಿ ಸವೆದ ಮಾತುಗಳೆಷ್ಟು ಎಂದು ತಿಳಿದದ್ದು ಅದನ್ನು ಓದಿದ ಮೇಲೆ. ಅವರ ಪ್ರಶ್ನೆಗೆ ವಾದದಲ್ಲಿ ಗೆಲ್ಲುವ ಉತ್ತರ ನನ್ನಲ್ಲಿಲ್ಲ. ಕ್ರೈಸ್ತ ವಿಶ್ವಾಸ ಮುಂದಿಡುವುದು ವಾದವನ್ನಲ್ಲ, ಶಿಲುಬೆಯನ್ನು: ಸಂಕಟ ಏಕೆ ಎಂದು ವಿವರಿಸದೆ ಸಂಕಟದೊಳಕ್ಕೇ ಇಳಿದು ಬಂದ ದೇವರನ್ನು. ಇದನ್ನು ಕನ್ನಡದಲ್ಲಿ ಮೈನಡುಗುವಂತೆ ಕಂಡವರು ಮಂಜೇಶ್ವರದ ಗೋವಿಂದ ಪೈಗಳು, ‘ಗೊಲ್ಗೊಥಾ’ ಕಾವ್ಯದಲ್ಲಿ. ಅವರು ಕ್ರೈಸ್ತರಲ್ಲ. ಕ್ರಿಸ್ತನ ಕೊನೆಯ ದಿನವನ್ನು ಕಾಣಲು ಅದು ಅಡ್ಡಿಯಾಗಲಿಲ್ಲ.

ಸಂಕಟವನ್ನು ಕಾಣಲು ನಾವು ದೂರ ಹೋಗಬೇಕಿಲ್ಲ, ನಮ್ಮ ಹೆದ್ದಾರಿಯೇ ಸಾಕು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಲೋಕಾರ್ಪಣೆಯಾದದ್ದು ಗೆಜ್ಜಲಗೆರೆಯಲ್ಲೇ. ಪ್ರಧಾನಿ ಬಂದಿದ್ದರು, ಜಿಲ್ಲೆಗೆ ಜಿಲ್ಲೆಯೇ ನೆರೆದಿತ್ತು. 118 ಕಿ.ಮೀ. ದಾರಿ ಹತ್ತಿರವಾಯಿತು. ಆದರೆ ಆರಂಭದ ತಿಂಗಳುಗಳಲ್ಲಿ ಅಪಘಾತದ ಸುದ್ದಿ ಇಲ್ಲದ ಪೇಪರೇ ಇರಲಿಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಇಳಿಸಿ ಸರ್ವೀಸ್ ರಸ್ತೆಗೆ ಕಳಿಸಿದರು. ಹಾಲಿನ ಕ್ಯಾನು ಕಟ್ಟಿದ ಬೈಕು, ಎಳನೀರು ಹೇರಿದ ಗಾಡಿ ಈಗ ಆ ಪಕ್ಕದ ರಸ್ತೆಯಲ್ಲಿ ಓಡುತ್ತವೆ. ಬೀಳುವವರು ಅಲ್ಲೂ ಬೀಳುತ್ತಾರೆ.

ಲೂಕನ ಶುಭಸಂದೇಶದ ಸಾಮತಿಯೂ ಒಂದು ಹೆದ್ದಾರಿಯ ಕತೆ. ಜೆರುಸಲೇಮಿನಿಂದ ಜೆರಿಕೊಗೆ ಇಳಿಯುವ ದಾರಿಯಲ್ಲಿ ಒಬ್ಬ ಏಟು ತಿಂದು ಬಿದ್ದಿದ್ದಾನೆ. ದೇವಾಲಯದ ಯಾಜಕ ನೋಡಿ ಪಕ್ಕಕ್ಕೆ ಸರಿದು ಹೋಗುತ್ತಾನೆ, ಅಲ್ಲಿನ ಊಳಿಗದ ಲೇವಿಯನೂ ಹಾಗೇ. ಹೊರಗಿನವನೆಂದು ಎಲ್ಲರೂ ದೂರವಿಟ್ಟ ಸಮಾರಿಯದವನು ನಿಲ್ಲುತ್ತಾನೆ, ಗಾಯ ಕಟ್ಟುತ್ತಾನೆ, ಛತ್ರಕ್ಕೆ ಸೇರಿಸಿ ಖರ್ಚಿಗೂ ಕೊಡುತ್ತಾನೆ. ದೇವರನ್ನು ಬಲ್ಲವರಾರು ಎಂಬುದಕ್ಕೆ ಇದಕ್ಕಿಂತ ಕಟುವಾದ ಪರೀಕ್ಷೆ ನನಗೆ ಗೊತ್ತಿಲ್ಲ. ನಮ್ಮ ದೇಶದ ಕಾನೂನು ಅವನ ಹೆಸರನ್ನೇ ಎತ್ತಿಕೊಂಡಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ‘ಗುಡ್ ಸಮಾರಿಟನ್’ ಎಂದೇ ಅವನನ್ನು ಕರೆದು, ಗಾಯಾಳುವಿಗೆ ನೆರವಾದವರ ಮೇಲೆ ಮೊಕದ್ದಮೆ ಬೀಳದಂತೆ ಕಾಪಾಡುತ್ತದೆ.

ಆದ್ದರಿಂದ ಈ ದಾರಿಯಲ್ಲಿ ಓಡಾಡುವ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ಯಾರಾದರೂ ಬಿದ್ದಿದ್ದರೆ ಗಾಡಿಯನ್ನು ಅಪಾಯವಿಲ್ಲದ ಕಡೆ ಬದಿಗೆ ಹಾಕಿ ನಿಲ್ಲಿ. 108ಕ್ಕೋ, ಹೆದ್ದಾರಿಯ 1033ಕ್ಕೋ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ಜೊತೆಗಿರಿ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಆಸ್ಪತ್ರೆಯವರಾಗಲಿ ಪೊಲೀಸರಾಗಲಿ ಬಲವಂತ ಮಾಡುವಂತಿಲ್ಲ.