ಜೋಳ ಹುಡುಕಿ ಬರುವ ಅತಿಥಿಗಳು

ಕಲಬುರಗಿ ಸೀಮೆ ಎಂದರೆ ಹೊರಗಿನವರಿಗೆ ಬಿಸಿಲೇ ನೆನಪಾಗುತ್ತದೆ. ಇಲ್ಲಿಯೂ ಚಳಿಗಾಲವಿದೆ ಎಂದರೆ ನಗುತ್ತಾರೆ. ಆದರೆ ದೀಪಾವಳಿ ಕಳೆದು ಥಂಡಿ ಗಾಳಿ ಬೀಸತೊಡಗಿದರೆ ಎರೆ ಹೊಲಗಳ ಮೇಲೆ ಬೆಳಗಿನ ಮಂಜು ಕೂರುತ್ತದೆ. ಅಮ್ಮಿ ಪೆಟ್ಟಿಗೆಯಿಂದ ಕೌದಿಗಳನ್ನು ಹೊರತೆಗೆಯುತ್ತಾರೆ.

ನಾವು ಮೂವರು ಒಡಹುಟ್ಟಿದವರು. ಅಣ್ಣ ಆಳಂದದಲ್ಲಿ ಹಿರಿಯರ ಮನೆ, ಹೊಲ ನೋಡಿಕೊಂಡಿದ್ದಾರೆ. ಆಪಾ ಮದುವೆಯಾಗಿ ಅಫಜಲಪುರಕ್ಕೆ ಹೋದರು. ಮೂರನೆಯ ಮನೆ ಜೇವರ್ಗಿಯಲ್ಲಿ. ಚಳಿಗಾಲದಲ್ಲಿ ಫೋನ್ ಮಾಡಿದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಕಡಿ ಯಾರ‍್ಯಾರು ಬಂದಾರ?"

ಜೇವರ್ಗಿಯ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಾಲ ಕುಣಿಸುತ್ತಾ ಸಿಪಿಲೆ ಓಡಾಡುತ್ತದೆ. ಅಫಜಲಪುರದ ಕಡೆ ಭೀಮಾ ನದಿಯ ದಂಡೆಗೆ ಚಕ್ರವಾಕದ ಜೋಡಿಗಳು ಇಳಿಯುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹೊಲ, ಮನೆಗಳನ್ನು ನುಂಗಿದಾಗ ಆ ವರ್ಷ ಅವು ಬರಲಾರವು ಎಂದೇ ಆಪಾ ತಿಳಿದಿದ್ದರು. ಡಿಸೆಂಬರಿನಲ್ಲಿ ಫೋನ್ ಬಂತು. "ಬಂದಾವ" ಎಂದಷ್ಟೇ ಹೇಳಿ ಅತ್ತರು.

ಆಳಂದದ ಮನೆಯ ಬೇವಿನ ಮರಕ್ಕೆ ಬರುವುದು ಗುಲಾಬಿ ಕಬ್ಬಕ್ಕಿ. ಉರ್ದುವಿನಲ್ಲಿ ತಿಲ್ಯರ್. ತಲೆ, ರೆಕ್ಕೆ ಕಪ್ಪು. ಬೆನ್ನು, ಹೊಟ್ಟೆ ತಿಳಿಗುಲಾಬಿ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆ ತಿಂದು ಮರಿ ಬೆಳೆಸುವ ಈ ಹಕ್ಕಿಗಳು ಮಳೆಗಾಲ ಮುಗಿಯುವ ಮೊದಲೇ ನಮ್ಮ ನಾಡಿಗೆ ಹೊರಟು, ಏಪ್ರಿಲ್ ಹೊತ್ತಿಗೆ ಮರಳುತ್ತವೆ. ಕಲಬುರಗಿಯು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931-32ರಲ್ಲಿ, ಸಲೀಂ ಅಲಿ ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಮಾಡಿದ್ದರು. ಬಾಲ್ಯದಲ್ಲಿ ತಾವು ಹೊಡೆದು ಬೀಳಿಸಿದ ಒಂದು ಗುಬ್ಬಿಯ ಕುತೂಹಲ ಅವರನ್ನು ಪಕ್ಷಿಶಾಸ್ತ್ರಜ್ಞರನ್ನಾಗಿ ಮಾಡಿತು ಎಂದು ಅಬ್ಬಾ ನಮಗೆ ಹೇಳುತ್ತಿದ್ದರು.

ಆ ದಿನಗಳಲ್ಲಿ ಊರಿನ ಸುತ್ತ ಎಲ್ಲಿ ನೋಡಿದರೂ ಹಿಂಗಾರಿ ಬಿಳಿಜೋಳ. ತೆನೆ ಹಾಲುಗಟ್ಟಿದಾಗ ಮಂಚಿಗೆಯ ಮೇಲೆ ನಿಂತು ಕವಣೆ ಬೀಸುವುದು ನಮ್ಮ ಕೆಲಸ. ಎಳ್ಳು ಅಮಾವಾಸ್ಯೆಗೆ ನೆರೆಯ ಹೊಲದವರು ಚರಗ ಚೆಲ್ಲಿ, ನಮ್ಮನ್ನೂ ಕೂಡಿಸಿಕೊಂಡು ಭಜ್ಜಿ, ಸಜ್ಜೆ ರೊಟ್ಟಿ ಬಡಿಸುತ್ತಿದ್ದರು. ಹಕ್ಕಿಗಳ ಮೇಲೆ ನಾವು ಸಿಟ್ಟಾದರೆ ಅಬ್ಬಾ, "ತಿನ್ನಲಿ ಬಿಡ್ರಿ, ಅದೂ ಸದಕಾನೇ" ಎನ್ನುತ್ತಿದ್ದರು.

ಈಗ ಎಲ್ಲೆಡೆ ತೊಗರಿ, ನೀರಿದ್ದಲ್ಲಿ ಕಬ್ಬು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಹೆಚ್ಚು ಹಣ ತರುವ ಬೆಳೆಯನ್ನು ರೈತ ಬಿತ್ತಿದರೆ ತಪ್ಪೇನು? ಅಣ್ಣನೂ ಹಾಗೆಯೇ ಮಾಡಿದರು. ಆದರೆ 2022ರ ಕೊನೆಗೆ ನೆಟೆ ರೋಗ ಬಂದು ಹೂವು, ಕಾಯಿ ಹೊತ್ತ ತೊಗರಿ ನಿಂತಲ್ಲೇ ಒಣಗಿತು. ಮರುವರ್ಷ ಅವರು ಒಂದೆಕರೆಯಲ್ಲಿ ಜೋಳ ಬಿತ್ತಿದರು. ಅಮ್ಮಿಯ ರೊಟ್ಟಿಗೆ, ಎತ್ತುಗಳ ಕಣಿಕೆಗೆ.

ಸುತ್ತ ಎಲ್ಲಿಯೂ ಜೋಳವಿರಲಿಲ್ಲ. ಹಕ್ಕಿಗಳೆಲ್ಲ ಆ ಒಂದೆಕರೆಗೇ ಬಂದವು. ಮೂರು ದಿನಗಳಲ್ಲಿ ತೆನೆಗಳು ಬರಿದಾದವು. ರಾಶಿಯಾದದ್ದು ಎರಡು ಚೀಲ ಮಾತ್ರ. ಅಣ್ಣ ಸಿಟ್ಟಿನಿಂದ, "ಮುಂದಿನ ಸಲ ಕಾಳಿಗೆ ಔಷಧಿ ಹಚ್ಚಿ ಚೆಲ್ಲತೀನಿ" ಎಂದರು. ನಾವು ಇಬ್ಬರೂ ಏನೂ ಹೇಳಲಾಗಲಿಲ್ಲ. ನಷ್ಟ ಅವರದಾಗಿತ್ತು, ಹಕ್ಕಿ ನೋಡುವ ಸಂತೋಷ ಮಾತ್ರ ನಮ್ಮದು.

ಅಮ್ಮಿ ಹೇಳಿದರು: "ಆಗ ಎಲ್ಲಾರೂ ಬಿತ್ತತಿದ್ರು, ಒಬ್ಬೊಬ್ರದು ಒಂದೊಂದ್ ಹಿಡಿ ಹೋಗತಿತ್ತು. ಈಗ ನೀ ಒಬ್ಬನೇ ಬಿತ್ತೀದಿ, ಎಲ್ಲಾ ನಿಂದೇ ಹೋತು. ಇದರಾಗ ಹಕ್ಕೀದೇನು ತಪ್ಪು?"

ಆ ಮಾತು ನಮ್ಮನ್ನು ಬಿಡಲಿಲ್ಲ. ಅತಿಥಿ ಸತ್ಕಾರದ ಭಾರ ಒಬ್ಬನ ಮೇಲೇ ಬಿದ್ದರೆ ಎಂಥ ಮನೆಯೂ ಬಾಗಿಲು ಮುಚ್ಚುತ್ತದೆ. ಮರುವರ್ಷ ಅಣ್ಣ ಅಕ್ಕಪಕ್ಕದ ಹೊಲದ ಇಬ್ಬರನ್ನು ಒಪ್ಪಿಸಿ, ಮೂವರೂ ಕೂಡಿ ಬದುಗೂಡಿಸಿ ಜೋಳ ಬಿತ್ತಿದರು. ನಮ್ಮ ಪಾಲಿನ ಬೀಜದ ಖರ್ಚನ್ನು ಜೇವರ್ಗಿ, ಅಫಜಲಪುರದಿಂದ ಕಳಿಸಿದೆವು. ಸರದಿಯಂತೆ ಹೊಲ ಕಾದರು. ಹಕ್ಕಿಗಳು ಬಂದವು, ತಿಂದವು. ಮೂವರಿಗೂ ವರ್ಷದ ರೊಟ್ಟಿಗೆ ಆಗುವಷ್ಟು ಉಳಿಯಿತು.

ಔಷಧಿಯ ಮಾತನ್ನು ಅಣ್ಣ ಮತ್ತೆ ಎತ್ತಿಲ್ಲ. ಸಂಜೆ ಬೇವಿನ ಮರದಲ್ಲಿ ಅವುಗಳ ಗದ್ದಲ ಏಳುವಾಗ ಫೋನನ್ನು ಮರದ ಕಡೆ ಹಿಡಿದು, "ಕೇಳ್ರಿ" ಎನ್ನುತ್ತಾರೆ. ನಾವು ಕೇಳುತ್ತೇವೆ.